ಕಾವೇರಿ ದಡದಲ್ಲಿ ನೀರುನಾಯಿ ಸರ್ವೆ

ಬೆಂಗಳೂರಿನಲ್ಲಿದ್ದುಕೊಂಡು ಹೊಳೆದಂಡೆಯ ಕಾಮಗಾರಿಗಳಿಗೆ ವನ್ಯಜೀವಿ ಸರ್ವೆ ಮಾಡಿಕೊಡುವುದು ನನ್ನ ಕೆಲಸ. ಸೇತುವೆ, ಪಂಪ್‌ಹೌಸ್, ತಡೆಗೋಡೆ, ಹೀಗೆ. ನಮ್ಮ ನಲ್ಲಿಗೆ ಬರುವ ಕಾವೇರಿಯಲ್ಲೇ ನೀರುನಾಯಿಗಳಿವೆ ಅಂದರೆ ಇಲ್ಲಿ ಅರ್ಧ ಜನ ನಂಬುವುದಿಲ್ಲ. ಸೈಟ್ ಎಂಜಿನಿಯರ್‌ಗಳೂ ಅಷ್ಟೇ. "ಇಷ್ಟು ದಿನ ಇಲ್ಲೇ ಇದ್ದೀವಿ ಸಾರ್, ಒಂದೂ ಕಂಡಿಲ್ಲ" ಅಂತಾರೆ.

ನಾನೂ ಪ್ರಾಣಿಯನ್ನು ಹುಡುಕುವುದಿಲ್ಲ, ಅದರ ಹಿಕ್ಕೆ ಹುಡುಕುತ್ತೇನೆ. ನೀರಿನ ಪಕ್ಕದ ಚಪ್ಪಟೆ ಬಂಡೆಗಳ ಮೇಲೆ ಗುಂಪಿಗೆ ಗುಂಪೇ ಬಂದು ಒಂದೇ ಕಡೆ ಹಾಕುತ್ತವೆ. ಹೊಸದಾದರೆ ಕಪ್ಪಗೆ, ಲೋಳೆಲೋಳೆ, ಮೀನಿನ ಗಬ್ಬು ವಾಸನೆ. ಹಳೆಯದು ಬೂದಿ ಬಣ್ಣಕ್ಕೆ ತಿರುಗಿ, ಕಡ್ಡಿ ತಾಗಿಸಿದರೆ ಪುಡಿಯಾಗುತ್ತದೆ. ಒಳಗೆ ಮೀನಿನ ಹುರುಪೆ, ಏಡಿ ಚಿಪ್ಪು. ಒದ್ದೆ ಮರಳಲ್ಲಿ ಹೆಜ್ಜೆ ಸಿಕ್ಕರೆ ಬೆರಳು ಎಣಿಸಿ: ನಾಯಿಗೆ ನಾಲ್ಕು, ಇದಕ್ಕೆ ಐದು. ಅಣೆಕಟ್ಟಿನಿಂದ ನೀರು ಬಿಟ್ಟ ಮಾರನೇ ದಿನ ಮಾತ್ರ ಹೋಗಬೇಡಿ. ಬಂಡೆಗಳೆಲ್ಲ ತೊಳೆದು ಹೋಗಿರುತ್ತವೆ, ಸುಮ್ನೆ ಪೆಟ್ರೋಲ್ ದಂಡ.

ಮೀನುಗಾರರನ್ನು "ನೀರುನಾಯಿ ಇದೆಯಾ?" ಅಂತ ಕೇಳುವುದಿಲ್ಲ. ಅರಣ್ಯ ಇಲಾಖೆಯವನು ಅಂದುಕೊಂಡು ಬಾಯಿ ಮುಚ್ಚುತ್ತಾರೆ. "ಅಣ್ಣ, ಬಲೆ ಜಾಸ್ತಿ ಹರಿಯೋದು ಎಲ್ಲಿ?" ಅಂತ ಕೇಳಿದರೆ ಬಲೆ ಹರಿಯುವ ನೀರುನಾಯಿಗೆ ಬೈಗುಳದ ಜೊತೆಗೆ ಅದರ ಜಾಗವೂ ಸಿಗುತ್ತದೆ.

ಪ್ರಾಣಿ ಎದುರು ಬಂದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಒಂದನ್ನೇ ನಂಬಬೇಡಿ. ನೀರಿಂದ ಎದ್ದು ಬಂದ ಪ್ರಾಣಿಯ ತುಪ್ಪಳ ತಣ್ಣಗಿರುತ್ತದೆ, ಮೈಬಿಸಿ ಹಿಡಿಯುವ ಸೆನ್ಸರ್‌ಗೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಮೈ ಒರೆಸಿಕೊಳ್ಳಲು ಮರಳಲ್ಲಿ ಹೊರಳುವ ಜಾಗಕ್ಕೆ ಕಟ್ಟಿದರೆ ವಾಸಿ.

ಗೂಡು ಸಿಕ್ಕಿದರೆ ನಿಜವಾದ ಜಗಳ ಶುರು. "ಹಿಡಿದು ಬೇರೆ ಕಡೆ ಬಿಟ್ಟುಬಿಡಿ" ಅನ್ನುವುದು ಮೊದಲ ಸಲಹೆ. ಕಾನೂನು ಒಪ್ಪುವುದಿಲ್ಲ, ಅಲ್ಲದೆ ಬಿಡುವ ಜಾಗದಲ್ಲಿ ಆಗಲೇ ಇನ್ನೊಂದು ನೀರುನಾಯಿ ಕುಟುಂಬ ಇರಬಹುದು, ಅಲ್ವಾ? ಹಾಗಾಗಿ ಕಾಮಗಾರಿಯ ನಕ್ಷೆಯನ್ನೇ ಬದಲಾಯಿಸಿ ಅನ್ನುತ್ತೇನೆ. ಬಂಡೆ, ಮರದ ಬೇರು, ಜೊಂಡು ಇದ್ದಲ್ಲೇ ಇರಲಿ. ಡೀಸೆಲ್ ಡ್ರಮ್ಮು, ಕಾಂಕ್ರೀಟ್ ತೊಳೆಯುವ ಜಾಗ ದಡದಿಂದ ದೂರ ಇರಲಿ. ರಾತ್ರಿ ಫ್ಲಡ್‌ಲೈಟ್ ಬೇಡ. ಚಳಿಗಾಲದಲ್ಲಿ ಗೂಡಲ್ಲಿ ಮರಿಗಳಿರುವುದರಿಂದ ಆಗ ಅದರ ಹತ್ತಿರ ಜೆಸಿಬಿ ಬರಲೇಬಾರದು.

ಕೆಲಸ ಮುಗಿದ ಮೇಲೆ ಅದೇ ಬಂಡೆಗಳನ್ನು ಮತ್ತೆ ನೋಡಿ ಬರುವ ಖರ್ಚನ್ನು ಮೊದಲೇ ಒಪ್ಪಂದದಲ್ಲಿ ಬರೆಸಿಕೊಳ್ಳುತ್ತೇನೆ. ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.