ಮುಗ್ಗಲು ವಾಸನೆಯಿಲ್ಲದ ಕ್ಯಾರವಾನ್ ಹುಡುಕಿದ್ದು

ಇಂಗ್ಲೆಂಡಿನಲ್ಲಿ ನಾನು ಕಾರಿನ ಲೈಸೆನ್ಸ್ ಪಡೆದದ್ದು 2009ರಲ್ಲಿ. 1997ರಿಂದೀಚೆಗೆ ಲೈಸೆನ್ಸ್ ಪಡೆದವರು ಭಾರವಾದ ಕ್ಯಾರವಾನನ್ನು (ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಗಾಲಿಮನೆಯನ್ನು) ಎಳೆಯಲು ಇನ್ನೊಂದು ಪರೀಕ್ಷೆ ಕೊಡಬೇಕೆಂಬ ನಿಯಮ 2021ರ ಡಿಸೆಂಬರ್ 16ರಂದು ರದ್ದಾಯಿತು. ಮರುವರ್ಷದ ವಸಂತದಲ್ಲಿ ನಾನೂ ನನ್ನ ಹೆಂಡತಿಯೂ ಸೆಕೆಂಡ್ ಹ್ಯಾಂಡ್ ಕ್ಯಾರವಾನ್ ನೋಡಲು ಹೊರಟೆವು.

ಮೊದಲು ನೋಡಿದ್ದನ್ನು ಅದರ ಅಡುಗೆಕಟ್ಟೆಯ ಅಂದಕ್ಕೇ ಒಪ್ಪಿಬಿಡುವವರಿದ್ದೆವು. ಆದರೆ ಬಾಗಿಲ ಪಕ್ಕದ ತಗಡಿನಲ್ಲಿ ಅದರ ಗರಿಷ್ಠ ತೂಕ 1,450 ಕಿಲೋ ಎಂದಿತ್ತು. ನಮ್ಮ ಕಾರಿನದು 1,480. ಸಾಮಾನು ತುಂಬಿದ ಕ್ಯಾರವಾನ್ ಕಾರಿನ ತೂಕದ ಶೇ. 85ನ್ನು ಮೀರದಿರಲಿ ಎಂದು ಹೊಸಬರಿಗೆ ಇಲ್ಲಿ ಹೇಳುತ್ತಾರೆ. ಅದು ಕಾನೂನಲ್ಲ, ಸಲಹೆ ಮಾತ್ರ. ಆದರೂ ಪಕ್ಕದಲ್ಲಿ ಲಾರಿ ಹಾದುಹೋದಾಗ ಕ್ಯಾರವಾನ್ ಬಾಲದಂತೆ ತೂಗಾಡಿ ಕಾರನ್ನೇ ಎಳೆದಾಡಬಾರದೆಂದರೆ ಈ ಸಲಹೆಯನ್ನು ಕೇಳುವುದೇ ಲೇಸೆನಿಸಿ, 1,258 ಕಿಲೋ ಮೀರಿದ್ದನ್ನು ನೋಡುವುದನ್ನೇ ಬಿಟ್ಟೆವು.

ಹಳೆಯ ಕ್ಯಾರವಾನಿನ ನಿಜವಾದ ಶತ್ರು ನೀರು. ಅಲ್ಯೂಮಿನಿಯಂ ಹೊದಿಕೆಯ ಒಳಗೆ ಮರದ ಚೌಕಟ್ಟಿರುತ್ತದೆ. ಮೂಲೆಗಳಲ್ಲಿ ಹಲಗೆಗಳು ಕೂಡುವ ಕಡೆ ಸಂದು ಮುಚ್ಚಲು ಬಳಿದ ಸೀಲಂಟ್ ಎಂಬ ಅಂಟು ಒಣಗಿ ಬಿರಿದರೆ ಮಳೆನೀರು ಕಣ್ಣಿಗೆ ಕಾಣದಂತೆ ಒಳಗಿಳಿದು, ವರ್ಷಗಟ್ಟಲೆ ಆ ಮರವನ್ನು ಕೊಳೆಸುತ್ತದೆ. ಮುಚ್ಚಿಟ್ಟ ಬಾಗಿಲು ತೆರೆದೊಡನೆ ಮುಗ್ಗಲು ವಾಸನೆ ಬಂದರೆ ಸಂಶಯಪಡಬೇಕು. ಮಲೆನಾಡಿನ ಮಳೆಗಾಲದಲ್ಲಿ ಬೆಳೆದ ನನ್ನ ಹೆಂಡತಿಯ ಮೂಗು ಇದರಲ್ಲಿ ಯಾವ ಯಂತ್ರಕ್ಕೂ ಕಡಿಮೆಯಿರಲಿಲ್ಲ. ಆದರೂ ಎರಡು ಮುಳ್ಳುಗಳ ತೇವಮಾಪಕವೊಂದನ್ನು ಕೊಂಡು, ಬೀರುಗಳ ಒಳಮೂಲೆ, ಕಿಟಕಿಯ ಕೆಳಗು, ಛಾವಣಿಯ ಗಾಳಿಕಿಂಡಿಯ ಸುತ್ತ ಚುಚ್ಚಿ ನೋಡುತ್ತಿದ್ದೆ. ಶೇ. 15ರೊಳಗಿದ್ದರೆ ಚಿಂತೆಯಿಲ್ಲ, 20 ದಾಟಿದರೆ ದುರಸ್ತಿಯ ಖರ್ಚು ಕೊಂಡ ಬೆಲೆಯನ್ನೇ ನುಂಗಬಹುದು. ಮೂರನೆಯ ಕ್ಯಾರವಾನಿನ ಮುಂದಿನ ಮೂಲೆಯಲ್ಲಿ ಅಂಕಿ 30 ದಾಟಿದಾಗ, "ನಿನ್ನೆ ಕಿಟಕಿ ತೆರೆದಿತ್ತು" ಎಂದರು ಮಾರುವವರು. ನಮಸ್ಕಾರ ಹೇಳಿ ಬಂದೆವು.

ಕಡೆಗೆ ಕೊಂಡದ್ದು 2008ರಲ್ಲಿ ತಯಾರಾದ, 1,250 ಕಿಲೋದ್ದು. ಕಿಟಕಿಗಾಜುಗಳ ಮೇಲಿನ 17 ಅಕ್ಷರಗಳ ಸಂಖ್ಯೆ ಚಾಸಿಯ ಸಂಖ್ಯೆಗೂ ನೋಂದಣಿ ಪತ್ರಕ್ಕೂ ತಾಳೆಯಾಯಿತು. ಟೈರುಗಳ ಗೀರು ಹೊಸದರಂತಿದ್ದರೂ ಪಕ್ಕದಲ್ಲಿ 2314 ಎಂದಿತ್ತು. ಅಂದರೆ 2014ರ 23ನೆಯ ವಾರದವು. ನಿಂತೇ ಹಳತಾಗುವ ಟೈರನ್ನು ಏಳು ವರ್ಷ ಮೀರಿ ಬಳಸಬಾರದಾದ್ದರಿಂದ ಹೊಸ ಟೈರುಗಳ ಹಣವನ್ನು ಬೆಲೆಯಲ್ಲಿ ಕಳೆಸಿಕೊಂಡೆ.

ಮೊದಲ ಪ್ರವಾಸಕ್ಕೆ ಕ್ಯಾರವಾನಿನ ಮುಂಭಾಗದ ಡಬ್ಬಿಯಲ್ಲಿ ಅಕ್ಕಿ ಚೀಲ, ಗ್ರೈಂಡರ್, ಎರಡು ಸಿಲಿಂಡರ್ ಎಲ್ಲವನ್ನೂ ತುಂಬಿದ್ದೆ. ಕಾರಿಗೆ ಸಿಕ್ಕಿಸುವ ಅದರ ಕೊಂಡಿಯ ಕೆಳಗೆ ಮರದ ತುಂಡು ನಿಲ್ಲಿಸಿ ಮನೆಯ ತೂಕದ ಯಂತ್ರದ ಮೇಲೆ ಇಳಿಸಿದರೆ 94 ಕಿಲೋ! ಕಾರಿನ ಕೊಂಡಿ ತಡೆಯುವ ಭಾರ 75 ಮಾತ್ರ. ಭಾರವನ್ನೆಲ್ಲ ಚಕ್ರದ ಅಚ್ಚಿನ ಮೇಲಕ್ಕೆ ಸರಿಸಿದ ಮೇಲೆ 72ಕ್ಕೆ ಇಳಿಯಿತು. ಮೋಟಾರುಹೆದ್ದಾರಿಯಲ್ಲಿ ಗಂಟೆಗೆ 60 ಮೈಲಿಯ ಮಿತಿಯಿದ್ದರೂ ನಾನು 50 ದಾಟಲಿಲ್ಲ.

ಪೀಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡಗಾಡಿನಲ್ಲಿ ಆ ರಾತ್ರಿ ಮಂಜು ಹೆಪ್ಪುಗಟ್ಟಿತು. ಬೆಳಿಗ್ಗೆ ಒಲೆ ಹತ್ತಲೇ ಇಲ್ಲ. ಎರಡೂ ಸಿಲಿಂಡರ್ ಬ್ಯೂಟೇನ್ ಅನಿಲದವು. ಶೂನ್ಯ ಡಿಗ್ರಿಯ ಆಸುಪಾಸಿನಲ್ಲಿ ಅದು ಆವಿಯಾಗುವುದಿಲ್ಲ. ಪಕ್ಕದ ಕ್ಯಾರವಾನಿನ ಅಜ್ಜ ಇಂಥ ಚಳಿಯಲ್ಲೂ ಉರಿಯುವ ತಮ್ಮ ಕೆಂಪು ಪ್ರೊಪೇನ್ ಸಿಲಿಂಡರ್ ತೋರಿಸಿ ನಗುತ್ತ, ನಮ್ಮ ಕಾಫಿ ಫಿಲ್ಟರಿಗೆ ಬಿಸಿನೀರು ಕೊಟ್ಟರು.