ಈಶ್ವರಿ ಬೇರು: ಗುರುತಿಸುವುದು ಹೇಗೆ, ತಿಂದಿದ್ದರೆ ಯಾವ ಪರೀಕ್ಷೆ

ಬೇಲಿಗೆ ಹಬ್ಬುವ ಈಶ್ವರಿ ಬಳ್ಳಿಯ ಬೇರನ್ನು ಹಾವು ಕಚ್ಚಿದಾಗ, ಜ್ವರಕ್ಕೆ, ಮುಟ್ಟಿನ ತೊಂದರೆಗೆ ತೇಯ್ದು ಕುಡಿಸುವ ರೂಢಿ ನಮ್ಮಲ್ಲಿ ಹಳೆಯದು. ಈ ಬೇರಿನಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮೊದಲನೇ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದ, ತಂಬಾಕು ಇರುವ ಪಟ್ಟಿಗೆ ಸೇರಿಸಿದೆ. ಕುಡಿದ ದಿನ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಜನ ಇದನ್ನು ನಂಬಿದ್ದೇ ಅದರಿಂದ.

ಮೊದಲು ಗುರುತು. ತೆಳ್ಳಗೆ ಹಬ್ಬುವ, ಮೈಮೇಲೆ ಗೀರುಗಳಿರುವ ಬಳ್ಳಿ, ಬುಡ ಮಾತ್ರ ಕಟ್ಟಿಗೆಯಂತೆ ಗಟ್ಟಿ. ಎಲೆ ನೋಡಿ ತೀರ್ಮಾನಿಸಬೇಡಿ. ಒಂದೇ ಬಳ್ಳಿಯಲ್ಲಿ ಉದ್ದನೆಯ ಎಲೆಯೂ ಪಿಟೀಲಿನಂತೆ ನಡು ಸಣ್ಣಗಾದ ಎಲೆಯೂ ಸಿಗುತ್ತವೆ. ನಂಬಬೇಕಾದ್ದು ಹೂವನ್ನು. ಬುಡದಲ್ಲಿ ಉಬ್ಬಿದ ಗುಂಡು, ಅದರ ಮೇಲೆ ಸಣ್ಣ ಕೊಳವೆ, ತುದಿಯಲ್ಲಿ ನೇರಳೆ ಛಾಯೆಯ ನಾಲಿಗೆ. ಕಾಯಿ ಒಣಗಿದಾಗ ತೊಟ್ಟಿನ ಕಡೆಯಿಂದ ಆರು ಸೀಳಾಗಿ ಬಿರಿದು, ದಾರ ಕಟ್ಟಿದ ಪುಟ್ಟ ಬುಟ್ಟಿಯಂತೆ ನೇತಾಡುತ್ತದೆ. ಒಳಗೆ ರೆಕ್ಕೆ ಇರುವ ಚಪ್ಪಟೆ ಬೀಜಗಳು. ಒಣಬೇರಾಗಿ ಅಂಗಡಿಗೆ ಬಂದ ಮೇಲೆ ಕಣ್ಣಿನಿಂದ ಗುರುತಿಸುವುದು ಅಸಾಧ್ಯವೆಂದೇ ತಿಳಿಯಿರಿ. ಹೆಸರನ್ನೂ ನಂಬುವಂತಿಲ್ಲ. ‘ಆಡುಮುಟ್ಟದ’ ಎಂಬ ಹೆಸರು ಒಂದೂರಲ್ಲಿ ಈ ಕುಲದ ಗಿಡಕ್ಕೆ, ಇನ್ನೊಂದೂರಲ್ಲಿ ಆಡುಸೋಗೆಗೆ. ಚೀಟಿಯ ಮೇಲೆ ಸಸ್ಯಶಾಸ್ತ್ರೀಯ ಹೆಸರು ಕೇಳಿ. ಈ ಕುಲದ ಹೆಸರಾದ ಅರಿಸ್ಟೊಲೋಕಿಯ ಎಂದಿದ್ದರೆ ವಾಪಸು ಕೊಡಿ.

ಹೆಸರು ಅದಲುಬದಲಾದರೆ ಏನಾಗುತ್ತದೆ ಎಂಬುದನ್ನು ಬೆಲ್ಜಿಯಂನ ಬ್ರಸೆಲ್ಸ್ ಕಂಡಿತು. ತೂಕ ಇಳಿಸುವ ಗುಳಿಗೆಗೆ ಬಳಸಬೇಕಿದ್ದ ಚೀನೀ ಬೇರಿನ ಹೆಸರು ಫಾಂಗ್‌ಜಿ. ಅದರ ಜಾಗದಲ್ಲಿ ಗ್ವಾಂಗ್ ಫಾಂಗ್‌ಜಿ ಎಂಬ ಅರಿಸ್ಟೊಲೋಕಿಯ ಬೇರು ಬೆರೆಯಿತು. 1993ರಲ್ಲಿ ವರದಿ ಬಂದಾಗ ಆ ಗುಳಿಗೆ ನುಂಗಿದ ಹೆಂಗಸರ ಕಿಡ್ನಿಗಳು ಕುಗ್ಗಿಹೋಗಿದ್ದವು. ಮುಂದೆ ಮುನ್ನೆಚ್ಚರಿಕೆಗಾಗಿ ಕಿಡ್ನಿ, ಮೂತ್ರನಾಳ ತೆಗೆಸಿಕೊಂಡ 39 ಮಂದಿಯಲ್ಲಿ 18 ಮಂದಿಗೆ ಮೂತ್ರಮಾರ್ಗದ ಕ್ಯಾನ್ಸರ್ ಇತ್ತು. ಒಟ್ಟು 200 ಗ್ರಾಂಗಿಂತ ಹೆಚ್ಚು ಬೇರು ಹೊಟ್ಟೆಗೆ ಹೋದವರಲ್ಲಿ ಅಪಾಯ ಇನ್ನೂ ಹೆಚ್ಚು. ದಿನಕ್ಕೆ 1 ಗ್ರಾಂ ಅಂದರೂ ಏಳು ತಿಂಗಳೊಳಗೆ ಮುಟ್ಟುವ ಲೆಕ್ಕ ಅದು.

ಇದಕ್ಕೂ ಮೊದಲೇ ಇಲಿಗಳು ಎಚ್ಚರಿಸಿದ್ದವು. 1982ರಲ್ಲಿ ಪ್ರಕಟವಾದ ಜರ್ಮನ್ ಪ್ರಯೋಗದಲ್ಲಿ ಇಲಿಗಳಿಗೆ ಈ ಆಮ್ಲವನ್ನು ದೇಹತೂಕದ ಕಿಲೋಗೆ ದಿನಕ್ಕೆ 0.1, 1 ಮತ್ತು 10 ಮಿಲಿಗ್ರಾಂನಂತೆ ಮೂರು ತಿಂಗಳು ಬಾಯಿಂದ ಕೊಟ್ಟರು. ಮೊತ್ತ ಹೆಚ್ಚಿದಷ್ಟೂ, ದಿನ ಕಳೆದಷ್ಟೂ ಜಠರದ ಮುಂಭಾಗದಲ್ಲಿ ಗಡ್ಡೆಗಳು ಹೆಚ್ಚಿದವು. ಹೆಚ್ಚು ಕೊಟ್ಟವಕ್ಕೆ ಕಿಡ್ನಿ, ಮೂತ್ರಕೋಶದಲ್ಲೂ ಬಂದವು. ಮುಂದೆ ನಡೆದ ಇನ್ನೊಂದು ಪ್ರಯೋಗದಲ್ಲಿ 35 ದಿನ ಚುಚ್ಚುಮದ್ದು ಕೊಟ್ಟು ನಿಲ್ಲಿಸಿದ ಇಲಿಗಳಲ್ಲಿ 105ನೇ ದಿನಕ್ಕೆ ಮೂತ್ರಮಾರ್ಗದ ಕ್ಯಾನ್ಸರ್ ಕಂಡಿತು. ಕೊಡುವುದು ನಿಂತರೂ ಕೆಲಸ ನಿಂತಿರಲಿಲ್ಲ.

ಯಾಕೆ ನಿಲ್ಲುವುದಿಲ್ಲ? ಈ ಆಮ್ಲದ ಅಣುವಿನಲ್ಲಿ ಒಂದು ನೈಟ್ರೊ ಗುಂಪಿದೆ, ಅಂದರೆ ಸಾರಜನಕ, ಆಮ್ಲಜನಕ ಸೇರಿದ ತುಣುಕು. ನಮ್ಮದೇ ಜೀವಕೋಶದ ಕಿಣ್ವಗಳು, ಮುಖ್ಯವಾಗಿ ಎನ್‌ಕ್ಯುಓ1, ವಿಷ ಕಳೆಯಲು ಹೋಗಿ ಆ ಗುಂಪನ್ನು ಬದಲಿಸಿಬಿಡುತ್ತವೆ. ಹುಟ್ಟುವುದು ಮೂಲಕ್ಕಿಂತ ಕೆಟ್ಟ, ಎಲ್ಲಕ್ಕೂ ಅಂಟುವ ಚೂರು. ಅದು ಹೋಗಿ ಡಿಎನ್‌ಎಯ ಅಡೆನೀನ್ ಅಕ್ಷರಕ್ಕೆ ಕಚ್ಚಿಕೊಳ್ಳುತ್ತದೆ. ಕೋಶ ಎರಡಾಗುವಾಗ ನಕಲು ಮಾಡುವ ಯಂತ್ರ ಅಲ್ಲಿ ‘ಎ’ ಓದಲಾಗದೆ ಅದರ ಎದುರಿಗೆ ‘ಟಿ’ಯ ಬದಲು ‘ಎ’ ಬರೆದುಬಿಡುತ್ತದೆ; ಮುಂದಿನ ನಕಲಿನಲ್ಲಿ ಮೂಲ ‘ಎ’ಯ ಜಾಗಕ್ಕೆ ‘ಟಿ’ ಬಂದು ಕೂರುತ್ತದೆ. ಇಲಿಯ ಗಡ್ಡೆಗಳಲ್ಲಿ, ಕೋಶದ ಬೆಳವಣಿಗೆ ನಿಯಂತ್ರಿಸುವ ರಾಸ್ ಜೀನಿನ 61ನೇ ಮೂರಕ್ಷರದ ಪದ ಸಿಎಎ ಇದ್ದದ್ದು ಸಿಟಿಎ ಆಗಿತ್ತು. ಬಾಲ್ಕನ್ ಹಳ್ಳಿಗಳಲ್ಲಿ ಗೋಧಿಯೊಡನೆ ಇದೇ ಕುಲದ ಕಳೆಯ ಬೀಜ ಬೆರೆತು ಕಿಡ್ನಿ ಕಳೆದುಕೊಂಡ ರೈತರ ಗಡ್ಡೆಗಳಲ್ಲೂ ಇದೇ ಎ-ಯಿಂದ-ಟಿ ಬದಲಾವಣೆ ಸಿಕ್ಕಿತು. ಕೋಶದ ರಿಪೇರಿ ವ್ಯವಸ್ಥೆಯ ಕಣ್ಣಿಗೆ ಈ ಅಂಟು ಸರಿಯಾಗಿ ಬೀಳುವುದಿಲ್ಲ. ಹಾಗಾಗಿ ಕಿಡ್ನಿಯಲ್ಲಿ ದಶಕಗಳ ನಂತರವೂ ಅದು ಉಳಿದಿರುತ್ತದೆ.

ಇಷ್ಟು ಗೊತ್ತಾದರೆ ಮನೆಮಾತಿನ ಭರವಸೆಗಳು ಯಾಕೆ ಸುಳ್ಳು ಎಂಬುದೂ ತಿಳಿಯುತ್ತದೆ. ಕುದಿಸಿದರೆ ಹೋಗುವುದಿಲ್ಲ, ಕಷಾಯಕ್ಕೂ ಇಳಿಯುತ್ತದೆ. ‘ಚಿಟಿಕೆಯಷ್ಟೇ’ ಎಂಬ ಸಮಾಧಾನವೂ ಇಲ್ಲ, ಯಾಕೆಂದರೆ ಚಿಟಿಕೆ ಚಿಟಿಕೆಯಾಗಿ ಅಂಟಿದ್ದು ಕೂಡುತ್ತಾ ಹೋಗುತ್ತದೆ. ಹಾವು ಕಚ್ಚಿದಾಗಲಂತೂ ಬೇರು ತೇಯುವ ಅರ್ಧ ಗಂಟೆಯೇ ಜೀವಕ್ಕೆ ಮುಳುವು. ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು, ಕೊಯ್ಯದೆ, ಬಿಗಿಯಾಗಿ ಕಟ್ಟದೆ, ವಿಷಪ್ರತಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಹೊರಡಿ.

ಈಗಾಗಲೇ ತಿಂಗಳುಗಟ್ಟಲೆ ಕುಡಿದಿದ್ದರೆ ಇವತ್ತೇ ನಿಲ್ಲಿಸಿ. ಉಳಿದ ಬೇರನ್ನು ಎಸೆಯಬೇಡಿ, ಕವರ್‌ನಲ್ಲಿಟ್ಟು ಕಿಡ್ನಿ ವೈದ್ಯರಿಗೆ ತೋರಿಸಿ. ಎಷ್ಟು ದಿನ, ದಿನಕ್ಕೆ ಎಷ್ಟು ಎಂದು ಬರೆದುಕೊಂಡು ಹೋಗಿ. ರಕ್ತದಲ್ಲಿ ಕ್ರಿಯಾಟಿನಿನ್, ಅದರಿಂದ ಲೆಕ್ಕ ಹಾಕುವ ಇಜಿಎಫ್‌ಆರ್ (ಕಿಡ್ನಿ ಸೋಸುವ ವೇಗ), ಹಿಮೋಗ್ಲೋಬಿನ್ ಬೇಕು. ಕಿಡ್ನಿ ಕೆಟ್ಟಿರುವ ಮಟ್ಟಕ್ಕೆ ಹೊಂದದಷ್ಟು ರಕ್ತಹೀನತೆ ಈ ಕಾಯಿಲೆಯ ಒಂದು ಚಹರೆ. ಬಿಪಿ ಸರಿಯಿದೆ, ಕಾಲು ಊದಿಲ್ಲ ಎಂದು ಬಿಟ್ಟುಬಿಡಬೇಡಿ.

ಮೂತ್ರದಲ್ಲೇ ಹೆಚ್ಚು ತಪ್ಪಾಗುವುದು. ಸಾಮಾನ್ಯ ಕಡ್ಡಿ ಪರೀಕ್ಷೆ ಹಿಡಿಯುವುದು ಮುಖ್ಯವಾಗಿ ಅಲ್ಬುಮಿನ್. ಇಲ್ಲಿ ಮೊದಲು ಹಾಳಾಗುವುದು ಕಿಡ್ನಿಯ ನಳಿಗೆ, ಅಲ್ಲಿಂದ ಸೋರುವುದು ಸಣ್ಣ ಪ್ರೋಟೀನುಗಳು. ಕಡ್ಡಿ ಬಣ್ಣ ಬದಲಿಸದೆ ‘ನಾರ್ಮಲ್’ ಅನ್ನಬಹುದು. ಅಂಥ ಸಣ್ಣ ಪ್ರೋಟೀನಾದ ಆಲ್ಫಾ-1 ಮೈಕ್ರೊಗ್ಲಾಬ್ಯುಲಿನ್ ಪರೀಕ್ಷೆ ಕೇಳಿ. ಬೀಟಾ-2 ಮೈಕ್ರೊಗ್ಲಾಬ್ಯುಲಿನ್ ಮಾಡಿಸಿದರೆ, ಅದು ಆಮ್ಲೀಯ ಮೂತ್ರದಲ್ಲಿ ಒಡೆದುಹೋಗುತ್ತದೆ ಎಂಬುದು ನೆನಪಿರಲಿ. ರಕ್ತದಲ್ಲಿ ಸಕ್ಕರೆ ಸರಿಯಿದ್ದೂ ಮೂತ್ರದಲ್ಲಿ ಸಕ್ಕರೆ ಕಂಡರೆ ಅದೂ ನಳಿಗೆಯದೇ ಸುಳಿವು. ಜೊತೆಗೆ ಕಿಡ್ನಿಯ ಅಲ್ಟ್ರಾಸೌಂಡ್, ಮತ್ತು ಮೂತ್ರದಲ್ಲಿ ಕ್ಯಾನ್ಸರ್ ಕೋಶ ಹುಡುಕುವ ಸೈಟಾಲಜಿ. ಮುಂದೆ ಎಷ್ಟು ದಿನಕ್ಕೊಮ್ಮೆ ಎಂಬುದನ್ನು ವೈದ್ಯರು ಹೇಳುತ್ತಾರೆ, ಆದರೆ ವರ್ಷಗಳೇ ಬೇಕಾಗುತ್ತದೆ. ನೋವಿಲ್ಲದೆ ಮೂತ್ರ ಕೆಂಪಾದರೆ ಮುಂದಿನ ತಾರೀಖಿಗೆ ಕಾಯಬಾರದು.

ಇನ್ನು ಬಳ್ಳಿ. ಸೊಪ್ಪಿನ ಪಾತಿಯಲ್ಲಿ, ಧಾನ್ಯದ ಹೊಲದಲ್ಲಿ ಕಂಡರೆ ಕಾಯಿ ಬಿರಿಯುವ ಮೊದಲೇ ಬೇರು ಸಮೇತ ಅಗೆಯಿರಿ. ಬೇರು ಉಳಿದರೆ ಮತ್ತೆ ಚಿಗುರುತ್ತದೆ. ಕೈಗೆ ಗವಸು ಇರಲಿ. ಆದರೆ ಬೇಲಿಯ ಬಳ್ಳಿಯನ್ನೆಲ್ಲ ಕಿತ್ತು ಹಾಕುವುದು ಬೇಡ. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳಗಳಿಗೆ ಈ ಎಲೆಯೇ ಊಟ; ಈ ಕಹಿಯನ್ನೇ ಮೈಗೂಡಿಸಿಕೊಂಡು ಅವು ಹಕ್ಕಿಗಳಿಂದ ಪಾರಾಗುತ್ತವೆ. ಮಕ್ಕಳಿಗೂ ದನಕ್ಕೂ ಎಟುಕದ ಬೇಲಿಯಲ್ಲಿ ಬಳ್ಳಿ ಇರಲಿ, ಕಾಯಿಗಳನ್ನು ಹಸಿರಿರುವಾಗಲೇ ಕಿತ್ತುಬಿಡಿ. ಸವರುವ ಮೊದಲು ಎಲೆಯ ಅಡಿ ತಿರುಗಿಸಿ ನೋಡಿ: ಮೊಟ್ಟೆಯೋ ಮರಿಯೋ ಇದ್ದರೆ ಆ ಕುಡಿಯನ್ನು ಬಿಟ್ಟು ಉಳಿದದ್ದನ್ನು ಕತ್ತರಿಸಿ.