ಬಾವಿ ನೀರಿಗೆ ಒಗ್ಗಿದ ಗಿಡಗಳು

ಮೊದಲ ಸಲ ನಾನು ಅಕ್ವೇರಿಯಂಗೆ ತಂದ ಐದು ಗಿಡಗಳಲ್ಲಿ ಮೂರು ನೀರಿನ ಗಿಡಗಳೇ ಆಗಿರಲಿಲ್ಲ. ಅದು ಗೊತ್ತಾಗಲು ಒಂದೂವರೆ ತಿಂಗಳು ಬೇಕಾಯಿತು.

ಮಂಗಳೂರಿನ ಒಂದು ಅಂಗಡಿಯಲ್ಲಿ ಅವನ್ನು ಗಾಜಿನ ತೊಟ್ಟಿಯೊಳಗೆ ಸಾಲಾಗಿ ನಿಲ್ಲಿಸಿದ್ದರು. ಒಂದು ಬಿಳಿ ಗೀಟಿನ ಉದ್ದ ಎಲೆಯದ್ದು, ಒಂದು ಬಾಣದ ಮೊನೆಯಂಥ ಎಲೆಯದ್ದು, ಇನ್ನೊಂದು ನೇರಳೆ ಬಣ್ಣದ್ದು. ನೋಡಲು ಬಹಳ ಚಂದ. ತಂದು ತೊಟ್ಟಿಯ ತಳದ ಹೊಯಿಗೆಯಲ್ಲಿ, ಅಂದರೆ ಮರಳಿನಲ್ಲಿ, ಊರಿದೆ. ಒಂದು ತಿಂಗಳು ಹಾಗೇ ನಿಂತವು. ಆಮೇಲೆ ಬುಡ ಮೆತ್ತಗಾಯಿತು, ನೀರು ವಾಸನೆ ಬಂತು, ಎರಡು ಗಪ್ಪಿ ಮೀನು ಸತ್ತವು. ಹುಡುಕಿ ನೋಡಿದರೆ ಮೊದಲನೆಯದು ಡ್ರಸೀನಾ, ಎರಡನೆಯದು ಸಿಂಗೋನಿಯಂ, ಮೂರನೆಯದು ಹೆಮಿಗ್ರಾಫಿಸ್. ಮೂರೂ ಅಂಗಳದ ಚಟ್ಟಿಯಲ್ಲಿ ಬೆಳೆಸುವ ಗಿಡಗಳು. ಎಲೆ ಪೂರ್ತಿ ಮುಳುಗಿದರೆ ಅವು ನಿಧಾನವಾಗಿ ಕೊಳೆಯುವುದೇ. ಗೊತ್ತಿಲ್ಲದವರಿಗೆ ಹೀಗೆ ಮಾರುವುದು ನೆನೆದರೆ ನನಗೆ ಈಗಲೂ ಬೇಸರವಾಗುತ್ತದೆ. ನೀವು ಕೊಳ್ಳುವ ಮೊದಲು ಗಿಡದ ಹೆಸರು ಕೇಳಿ. ಹೆಸರು ಹೇಳದಿದ್ದರೆ ತರಬೇಡಿ. ಎಲೆ ಮೇಲೆ ಮೇಣ ಸವರಿದ ಹಾಗೆ ಹೊಳಪು, ಬಿಳಿ ಅಥವಾ ಹಳದಿ ಗೀಟು ಇದ್ದರೆ ಅನುಮಾನವಿರಲಿ.

ಎರಡನೇ ಸಲ ಅಂಗಡಿಗೆ ಹೋಗುವ ಮೊದಲು ನಾನು ನೀರನ್ನು ನೋಡಿದೆ. ನಮ್ಮ ಮನೆ ಉಡುಪಿ ಜಿಲ್ಲೆಯ ಕಟಪಾಡಿ ಹತ್ತಿರ. ಬಾವಿಯ ಒಳಗೋಡೆ ಪೂರ್ತಿ ಮುರಕಲ್ಲು, ನಮ್ಮ ಕರಾವಳಿಯ ತೂತು ತೂತಿನ ಕೆಂಪು ಕಲ್ಲು. ಆ ನೀರಿನಷ್ಟು ಸಿಹಿ ನೀರು ಬೇರೆಲ್ಲೂ ಇಲ್ಲ ಎಂದು ಅಮ್ಮ ಹೇಳುತ್ತಾರೆ, ನನಗೂ ಹಾಗೇ ಅನಿಸುತ್ತದೆ. ಹನಿ ಹಾಕಿ ಬಣ್ಣ ನೋಡುವ ಕಿಟ್‌ನಲ್ಲಿ ಪಿಎಚ್ 6 ತೋರಿಸಿತು; ಏಳಕ್ಕಿಂತ ಕಡಿಮೆ ಇದ್ದರೆ ನೀರು ಹುಳಿ. ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್‌ನಲ್ಲಿ 42. ಅಂದರೆ ನೀರು ಸ್ವಲ್ಪ ಹುಳಿ, ತುಂಬಾ ಮೆದು. ಸುಣ್ಣದ ಅಂಶ ಇಲ್ಲವೆಂದೇ ಹೇಳಬಹುದು. ಮುರಕಲ್ಲಿನ ಜಾಗದ ಬಾವಿಗಳಲ್ಲಿ ಇದು ಸಾಮಾನ್ಯ. ಮಳೆ ಜಾಸ್ತಿ, ಕಲ್ಲಿನಲ್ಲಿ ಕಬ್ಬಿಣ ಇದೆ, ಸುಣ್ಣ ತೊಳೆದು ಹೋಗಿದೆ. ಬಯಲುಸೀಮೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಗಿಡ ಬೆಳೆಸಿದವರ ಸಲಹೆ ನಮಗೆ ಪೂರ್ತಿ ಹೊಂದದಿರುವುದು ಇದೇ ಕಾರಣಕ್ಕೆ. ತುಂಬೆಯಿಂದ ಬರುವ ಮಂಗಳೂರಿನ ನಲ್ಲಿ ನೀರು ಅಥವಾ ಬಜೆಯಿಂದ ಬರುವ ಉಡುಪಿಯ ನಲ್ಲಿ ನೀರು ಬಳಸುವವರು ಕ್ಲೋರಿನ್ ಹೋಗಲು ಒಂದು ದಿನ ಬಾಯಿ ತೆರೆದ ಬಕೆಟ್‌ನಲ್ಲಿ ಇಟ್ಟು ಹಾಕಿ. ಬಾವಿ ನೀರಿಗೆ ಆ ಗೊಡವೆ ಇಲ್ಲ.

ನನ್ನ ತೊಟ್ಟಿ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ. ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ತಳಕ್ಕೆ ಹೊಳೆಯ ಹೊಯಿಗೆ, ಎರಡು ಇಂಚು. ಕಡಲ ತಡಿ ಹತ್ತಿರವೇ ಇದೆ, ಆದರೂ ಅಲ್ಲಿಯ ಹೊಯಿಗೆ ಬೇಡ. ಉಪ್ಪು ತೊಳೆದು ತೆಗೆಯಬಹುದು, ಚಿಪ್ಪಿನ ಚೂರು ತೆಗೆಯಲಾಗುವುದಿಲ್ಲ, ಅದರ ಸುಣ್ಣ ನೀರಿಗೆ ಇಳಿಯುತ್ತಲೇ ಇರುತ್ತದೆ.

ಹೊಸಬರಿಗೆ ನಾನು ಮೊದಲು ಹೇಳುವ ಗಿಡ ಜಾವಾ ಫರ್ನ್. ಇದನ್ನು ಹೊಯಿಗೆಯಲ್ಲಿ ಊರಲೇಬಾರದು. ಅಡ್ಡವಾಗಿ ಒಂದು ಹಸಿರು ಕಾಂಡ ಇರುತ್ತದೆ, ಶುಂಠಿ ಗಡ್ಡೆ ಸಣ್ಣದಾಗಿ ಮಲಗಿದ ಹಾಗೆ. ಎಲೆ ಮೇಲಕ್ಕೆ, ಬೇರು ಕೆಳಕ್ಕೆ. ಆ ಕಾಂಡ ಹೊಯಿಗೆಯಡಿ ಹೋದರೆ ಕೊಳೆಯುತ್ತದೆ. ಕಲ್ಲಿಗೋ ಮರದ ತುಂಡಿಗೋ ಕಟ್ಟಬೇಕು.

ನಮ್ಮಲ್ಲಿ ಕಲ್ಲಿಗೆ ಬರವೇ? ಹಿತ್ತಲಲ್ಲಿ ಬಿದ್ದಿದ್ದ ಮುರಕಲ್ಲಿನ ಎರಡು ತುಂಡು ಆರಿಸಿದೆ. ಸಿಮೆಂಟ್ ಹತ್ತಿದ ತುಂಡು ಬೇಡ, ಅದರ ಸುಣ್ಣ ನೀರಿಗೆ ಇಳಿಯುತ್ತದೆ. ಬ್ರಶ್ ಹಾಕಿ ಉಜ್ಜಿ, ನಾಲ್ಕು ದಿನ ನೆನೆಸಿ, ಕೆಂಪು ನೀರು ಬರುವುದು ನಿಂತ ಮೇಲೆ ಒಳಗಿಟ್ಟೆ. ಆ ಕಲ್ಲಿನ ಮೈತುಂಬ ತೂತು. ಬೇರಿಗೆ ಅದಕ್ಕಿಂತ ಒಳ್ಳೆಯ ಹಿಡಿತ ಎಲ್ಲಿ ಸಿಗಬೇಕು? ಇದೇ ಕಲ್ಲಿಗೆ ಫ್ರಾನ್ಸಿಸ್ ಬುಕಾನನ್ ಎಂಬವರು 1807ರಲ್ಲಿ ಅಚ್ಚಾದ ತಮ್ಮ ಪ್ರವಾಸದ ಪುಸ್ತಕದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಲೇಟರ್ ಎಂದರೆ ಇಟ್ಟಿಗೆ. ಯುರೋಪಿನಲ್ಲಿ ಅಕ್ವೇರಿಯಂ ಗಿಡಗಳಿಗೆ ಕಬ್ಬಿಣ ಸಿಗಲಿ ಎಂದು ಇದರ ಪುಡಿಯನ್ನು ಪ್ಯಾಕೆಟ್ ಮಾಡಿ ಮಾರಿದ್ದಾರೆ. ನಾವು ಅದರಿಂದ ಕಂಪೌಂಡ್ ಕಟ್ಟುತ್ತೇವೆ. ಇದನ್ನು ಓದಿದ ದಿನ ನನಗೆ ನಿಜಕ್ಕೂ ಖುಷಿಯಾಯಿತು.

ಕಟ್ಟಲು ಏನು ಎಂದು ನೋಡುತ್ತಿದ್ದೆ. ಅಮ್ಮ ಜಗಲಿಯಲ್ಲಿ ಕುಳಿತು ಮಲ್ಲಿಗೆ ಕಟ್ಟುತ್ತಿದ್ದರು. ಶಂಕರಪುರ ಇಲ್ಲೇ ಹತ್ತಿರ, ನಮ್ಮ ಸುತ್ತಿನ ಎಷ್ಟೋ ಮನೆಗಳಲ್ಲಿ ಬೆಳಗ್ಗೆ ಇದೇ ಕೆಲಸ. ಒದ್ದೆ ಮಾಡಿದ ಬಾಳೆನಾರು ಅವರ ಪಕ್ಕದಲ್ಲೇ ಇತ್ತು. ಅದರದ್ದೇ ಎರಡು ಎಳೆ ತೆಗೆದು ಫರ್ನನ್ನು ಕಲ್ಲಿಗೆ ಸುತ್ತಿದೆ. ಚಂದವಾಗಿ ಕೂತಿತು. ಹದಿನೆಂಟನೇ ದಿನ ಬೆಳಗ್ಗೆ ನೋಡಿದರೆ ಗಿಡ ನೀರಿನ ಮೇಲೆ ತೇಲುತ್ತಿದೆ. ನಾರು ಕೊಳೆತು ಬಿಟ್ಟುಕೊಂಡಿತ್ತು, ಬೇರು ಇನ್ನೂ ಕಲ್ಲನ್ನು ಹಿಡಿದಿರಲಿಲ್ಲ. ಬೇರು ಹಿಡಿಯಲು ಎರಡು ತಿಂಗಳಾದರೂ ಬೇಕು. ಆಮೇಲೆ ದಪ್ಪ ಹತ್ತಿ ದಾರದಲ್ಲಿ ಕಟ್ಟಿದೆ. ಅದು ಸಾಕಷ್ಟು ದಿನ ತಡೆಯಿತು. ಅವಸರ ಇರುವವರು ಫೆವಿಕ್ವಿಕ್ ಒಂದು ಹನಿ ಹಾಕಿ ಅಂಟಿಸುತ್ತಾರೆ. ಒಣಗಿದ ಮೇಲೆ ಮೀನಿಗೆ ತೊಂದರೆ ಇಲ್ಲ.

ಫರ್ನ್ ಎಲೆಯ ಹಿಂದೆ ಕಪ್ಪು ಚುಕ್ಕೆ ಸಾಲಾಗಿ ಬಂದರೆ ಕಿತ್ತು ಹಾಕಬೇಡಿ. ಅದು ರೋಗ ಅಲ್ಲ, ಬೀಜಕಣಗಳ ಗುಂಪು. ಹಳೆ ಎಲೆಯ ತುದಿಯಲ್ಲಿ ಮರಿಗಿಡಗಳೂ ಹುಟ್ಟುತ್ತವೆ. ಅನುಬಿಯಾಸ್ ಕೂಡ ಹೀಗೇ ಕಲ್ಲಿಗೆ ಕಟ್ಟುವ ಗಿಡ. ಮೂಲ ಆಫ್ರಿಕಾ. ತುಂಬಾ ನಿಧಾನ, ನನ್ನದು ತಿಂಗಳಿಗೆ ಒಂದು ಎಲೆ ಬಿಟ್ಟರೆ ಹೆಚ್ಚು. ಅದನ್ನು ಫರ್ನಿನ ನೆರಳಲ್ಲಿ ಇಟ್ಟಿದ್ದೇನೆ. ಬೆಳಕು ನೇರವಾಗಿ ಬಿದ್ದರೆ ಎಲೆ ಮೇಲೆ ಪಾಚಿ ಕೂರುತ್ತದೆ.

ನನಗೆ ಅತಿ ಹೆಚ್ಚು ಕಲಿಸಿದ್ದು ಕ್ರಿಪ್ಟೊಕೊರೈನ್. ಎಲ್ಲರೂ ಕ್ರಿಪ್ಟ್ ಅನ್ನುತ್ತಾರೆ. ಇದರ ಕೆಲವು ಜಾತಿಗಳು ನಮ್ಮ ಪಶ್ಚಿಮ ಘಟ್ಟದ ಹೊಳೆ, ತೋಡು, ಗದ್ದೆ ಬದುಗಳವು. ಸ್ಪೈರಾಲಿಸ್ ಅಂಥದ್ದು. ನಾನು ತಂದದ್ದು ಶ್ರೀಲಂಕಾದ ವೆಂಡ್ಟಿ, ಕಂದು ಎಲೆಯದ್ದು. ಮೆದು ನೀರು ಇದಕ್ಕೆ ಹೊಂದುತ್ತದೆ ಎಂದು ಧೈರ್ಯವಾಗಿ ತಂದೆ. ನೆಟ್ಟು ಹತ್ತನೇ ದಿನಕ್ಕೆ ಎಲೆ ಗಾಜಿನ ಹಾಗೆ ಪಾರದರ್ಶಕ ಆಯಿತು. ಹನ್ನೆರಡನೇ ದಿನ ಬೆರಳು ತಾಗಿಸಿದರೆ ಬೆಂದ ಬಸಳೆ ಸೊಪ್ಪಿನ ಹಾಗೆ ಕೈಗೆ ಬಂತು. ಒಂದೇ ವಾರದಲ್ಲಿ ಗಿಡವೇ ಇಲ್ಲ, ಹೊಯಿಗೆಯ ಮೇಲೆ ಒಂದು ಸಣ್ಣ ಮೊಟಕು.

ಕೀಳಬೇಕು ಅಂತ ಕೈ ಹಾಕಿದೆ. ಎಳೆದರೆ ಬರಲಿಲ್ಲ. ಬೇರು ಗಟ್ಟಿಯಾಗಿತ್ತು. ಬೇರು ಗಟ್ಟಿ ಇದ್ದ ಮೇಲೆ ಸತ್ತಿಲ್ಲ ಅಲ್ವಾ? ಕೊಳೆತ ಎಲೆ ಮಾತ್ರ ಕತ್ತರಿಸಿ ತೆಗೆದು ಬಿಟ್ಟುಬಿಟ್ಟೆ. ಇಪ್ಪತ್ತೆರಡನೇ ದಿನ ಆ ಮೊಟಕಿನ ನಡುವಿನಿಂದ ಸುರುಳಿ ಸುತ್ತಿದ ಒಂದು ಕೆಂಪು ಮೊಳಕೆ. ಅಕ್ಕಿಕಾಳಿನಷ್ಟು ದೊಡ್ಡದು. ನಾನು ಗಾಜಿಗೆ ಮೂಗು ತಾಗಿಸಿ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ.

ಯಾಕೆ ಹೀಗಾಗುತ್ತದೆ ಎಂದರೆ, ನರ್ಸರಿಗಳಲ್ಲಿ ಇಂಥ ಗಿಡಗಳನ್ನು ಬುಡ ಮಾತ್ರ ನೀರಲ್ಲಿ, ಎಲೆ ಗಾಳಿಯಲ್ಲಿ ಇಟ್ಟು ಬೆಳೆಸುವುದೇ ಹೆಚ್ಚು. ಆ ಎಲೆ ನೀರೊಳಗಿನ ಬದುಕಿಗೆ ಆಗುವುದಿಲ್ಲ. ಗಿಡ ಅದನ್ನು ಬಿಟ್ಟು ಹೊಸ ಎಲೆ ಮಾಡಿಕೊಳ್ಳುತ್ತದೆ. ಕ್ರಿಪ್ಟ್‌ಗೆ ನೀರು, ಜಾಗ ಯಾವುದು ಬದಲಾದರೂ ಇದೇ ಹಠ. ಹಾಗಾಗಿ ಒಮ್ಮೆ ನೆಟ್ಟ ಮೇಲೆ ಸುಮ್ನೆ ಬಿಡಿ. ಚಂದ ಕಾಣಲಿಲ್ಲ ಎಂದು ಅಲ್ಲಿಂದ ಇಲ್ಲಿಗೆ ಕಿತ್ತು ನೆಡಬೇಡಿ.

ವ್ಯಾಲಿಸ್ನೇರಿಯಾ ನನಗೆ ಸುಲಭವಾಗಿ ಒಲಿಯಲಿಲ್ಲ. ಎಲ್ಲ ಕಡೆ ಅದನ್ನು ಅತಿ ಸುಲಭದ ಗಿಡ ಎನ್ನುತ್ತಾರೆ. ಹುಲ್ಲಿನ ಹಾಗೆ ಉದ್ದ ಎಲೆ, ಬಳ್ಳಿ ಓಡಿಸಿ ತಾನೇ ಹರಡುತ್ತದೆ. ನನ್ನಲ್ಲಿ ಎಲೆ ತೆಳುವಾಗಿ ತುದಿ ಕರಗುತ್ತಾ ಬಂತು. ಅದಕ್ಕೆ ಸುಣ್ಣದ ಅಂಶ ಇರುವ ಗಡಸು ನೀರು ಇಷ್ಟ. ನಮ್ಮ ಬಾವಿಯಲ್ಲಿ ಇಲ್ಲದಿರುವುದೇ ಅದು. ತೊಟ್ಟಿಯ ಬಸವನಹುಳುಗಳ ಚಿಪ್ಪೂ ಬೆಳ್ಳಗೆ ಸವೆದಿತ್ತು, ನಾನು ಅದನ್ನು ಮೊದಲೇ ಗಮನಿಸಬೇಕಿತ್ತು.

ಮನೆಯಲ್ಲಿ ಮರುವಾಯಿ ಸುಕ್ಕ, ಅಂದರೆ ಕಪ್ಪೆಚಿಪ್ಪಿನ ಒಣ ಪಲ್ಯ, ಮಾಡಿದ ದಿನ ಚಿಪ್ಪುಗಳನ್ನು ಎಸೆಯಬೇಡಿ ಎಂದೆ. ಚೆನ್ನಾಗಿ ಉಜ್ಜಿ, ಕುದಿಸಿ, ನಾಲ್ಕು ದಿನ ಬಿಸಿಲಿಗೆ ಒಣಗಿಸಿದೆ. ಹತ್ತು ಚಿಪ್ಪನ್ನು ಬಲೆಚೀಲದಲ್ಲಿ ಹಾಕಿ ಫಿಲ್ಟರ್ ನೀರು ಬೀಳುವ ಕಡೆ ನೇತು ಹಾಕಿದೆ. ಹುಳಿ ನೀರು ಚಿಪ್ಪನ್ನು ನಿಧಾನವಾಗಿ ಕರಗಿಸುತ್ತದೆ. ತಿಂಗಳಲ್ಲಿ ಪಿಎಚ್ 6.8ಕ್ಕೆ ಬಂತು. ಹೊಯಿಗೆಯಲ್ಲೇ ಚಿಪ್ಪಿದ್ದರೆ ಲೆಕ್ಕ ನಮ್ಮ ಕೈಯಲ್ಲಿ ಇರುವುದಿಲ್ಲ. ಚೀಲದಲ್ಲಾದರೆ ಬೇಕಾದಾಗ ತೆಗೆಯಬಹುದು. ವ್ಯಾಲಿಸ್ನೇರಿಯಾ ಮೂರನೇ ತಿಂಗಳು ಮೊದಲ ಬಳ್ಳಿ ಬಿಟ್ಟಿತು. ಗಪ್ಪಿಗಳೂ ಚುರುಕಾದವು, ಅವಕ್ಕೂ ಗಡಸು ನೀರೇ ಬೇಕು. ಆದರೂ ಹೊಸಬರು ಇದರಿಂದ ಶುರು ಮಾಡುವುದು ಬೇಡ. ನಿಮ್ಮದು ಬೋರ್‌ವೆಲ್ ನೀರಾದರೆ ಮಾತು ಬೇರೆ.

ಬೇಗ ಬೆಳೆಯುವ ಗಿಡ ಒಂದಾದರೂ ಬೇಕು. ಹೊಸ ತೊಟ್ಟಿಯಲ್ಲಿ ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಇವು ನೇರವಾಗಿ ಹೀರುತ್ತವೆ, ಪಾಚಿಗೆ ಉಳಿಸುವುದಿಲ್ಲ. ನಾನು ನೆಚ್ಚಿಕೊಂಡದ್ದು ವಾಟರ್ ವಿಸ್ಟೇರಿಯಾ. ಇದು ನಮ್ಮ ದೇಶದ್ದೇ ಗಿಡ. ನೀರ ಹೊರಗೆ ಇದ್ದಾಗ ಎಲೆ ಅಗಲ, ನೀರೊಳಗೆ ಹೊಸ ಎಲೆ ಗರಿಯ ಹಾಗೆ ಸೀಳು ಸೀಳು. ತುದಿ ಕತ್ತರಿಸಿ ಊರಿದರೆ ಇನ್ನೊಂದು ಗಿಡ. ಹಾರ್ನ್‌ವರ್ಟ್ ಇನ್ನೂ ಸುಲಭ, ಅದಕ್ಕೆ ಬೇರು ಅನ್ನುವುದೇ ಇಲ್ಲ, ತೇಲಲು ಬಿಟ್ಟರೆ ಸಾಕು. ನಾನು ಅದನ್ನು ಗೆಳೆಯನೊಬ್ಬನ ಅಡಿಕೆ ತೋಟದ ಕೆರೆಯಿಂದ ತಂದು ಹಾಗೇ ಹಾಕಿದೆ. ಜೊತೆಗೆ ಏರೋಪ್ಲೇನ್ ಚಿಟ್ಟೆಯ ಮರಿಹುಳು ಬಂದಿತ್ತು. ದಿನಕ್ಕೆ ಎರಡು ಮೂರು ಗಪ್ಪಿ ಮರಿ ಕಾಣೆ. ಹುಳು ಸಿಕ್ಕಿದ್ದು ಎರಡು ವಾರದ ಮೇಲೆ. ಈಗ ಹೊರಗಿನಿಂದ ಯಾವ ಗಿಡ ಬಂದರೂ ಒಂದು ವಾರ ಬಿಳಿ ಬಕೆಟ್‌ನಲ್ಲಿ ಇಡುತ್ತೇನೆ. ಬಿಳಿ ಬಕೆಟ್ ಯಾಕೆಂದರೆ ಅದರಲ್ಲಿ ಓಡಾಡುವುದೆಲ್ಲ ಕಾಣುತ್ತದೆ.

ಬೆಳಕು ದಿನಕ್ಕೆ ಏಳು ಗಂಟೆ, ಸಾದಾ ಎಲ್‌ಇಡಿ, ಟೈಮರ್ ಹಾಕಿ. ಜಾಸ್ತಿ ಕೊಟ್ಟರೆ ಪಾಚಿಗೆ ಹಬ್ಬ. ಗಿಡ ಬೇಗ ಬೆಳೆಯಲೆಂದು ಕೆಲವರು ನೀರಿಗೆ ಅನಿಲ ಬಿಡುವ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಈ ಯಾವ ಗಿಡಕ್ಕೂ ಬೇಡ. ಕೆಂಪು ರೊಟಾಲಾ ಮ್ಯಾಕ್ರಾಂಡ್ರಾ ನೋಡಿ ಆಸೆಯಾಗುತ್ತದೆ, ಅದು ನಮ್ಮ ಘಟ್ಟದ ಕಡೆಯ ಗಿಡವೇ. ಆದರೆ ಅದಕ್ಕೆ ಜೋರು ಬೆಳಕೂ ಬೇಕು, ಸಿಲಿಂಡರ್ರೂ ಬೇಕು. ಮೊದಲ ವರ್ಷಕ್ಕಲ್ಲ.

ನಮ್ಮ ಊರಿನ ನಿಜವಾದ ಕಷ್ಟ ಏಪ್ರಿಲ್, ಮೇ. ಸೆಕೆಯಲ್ಲಿ ತೊಟ್ಟಿಯ ನೀರು 31 ಡಿಗ್ರಿ ಮುಟ್ಟಿತು. ಜಾವಾ ಮಾಸ್ ಎಂಬ ಸಣ್ಣ ಎಲೆಯ ಗಿಡವೂ ಇತ್ತು, ಅದು ಪೂರ್ತಿ ಕಂದಾಗಿ ಉದುರಿತು. ಮುಚ್ಚಳ ತೆಗೆದು ಸಣ್ಣ ಫ್ಯಾನ್ ಹಾಕಿದೆ. ಒಣ ಹವೆಯ ಊರಿನಲ್ಲಿ ಇದರಿಂದ ಮೂರು ಡಿಗ್ರಿಯಾದರೂ ಇಳಿಯುತ್ತದಂತೆ. ಇಲ್ಲಿ ಗಾಳಿಯಲ್ಲೇ ನೀರಿದೆ, ಒಂದೂವರೆ ಡಿಗ್ರಿ ಇಳಿದದ್ದೇ ದೊಡ್ಡದು. ಕ್ರಿಪ್ಟ್, ಅನುಬಿಯಾಸ್, ವಿಸ್ಟೇರಿಯಾ ತಡೆದುಕೊಂಡವು. ಫರ್ನ್ ಬೆಳೆಯುವುದು ನಿಲ್ಲಿಸಿತು, ಮಳೆ ಬಿದ್ದ ಮೇಲೆ ಮತ್ತೆ ಚಿಗುರಿತು.

ಕತ್ತರಿಸಿದ ಗಿಡವನ್ನು ಮಾತ್ರ ತೋಡಿಗೋ ಕೆರೆಗೋ ಎಸೆಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. 2020ರಲ್ಲಿ ಕೇರಳದ ಕೋಝಿಕ್ಕೋಡ್ ಜಿಲ್ಲೆಯ ಆವಳಪಾಂಡಿಯಲ್ಲಿ ತೋಡಿನ ತುಂಬ ಗುಲಾಬಿ ಹೂ ಅರಳಿದ ಫೋಟೋಗಳನ್ನು ನೀವೂ ನೋಡಿರಬಹುದು. ಜನ ನೋಡಲು ಹೋದರು. ಅದು ಕಬೊಂಬಾ, ದಕ್ಷಿಣ ಅಮೆರಿಕದ ಗಿಡ, ಅಕ್ವೇರಿಯಂಗಳಲ್ಲಿ ಬೆಳೆಸುವಂಥದ್ದು. ನೀರು ತುಂಬ ಅದೇ ಆದರೆ ಅಲ್ಲಿಯದ್ದೇ ಗಿಡಗಳಿಗೆ ಜಾಗ ಎಲ್ಲಿ? ನಮ್ಮ ತೋಡಿನಲ್ಲಿ ನಮ್ಮದೇ ಕ್ರಿಪ್ಟ್ ಸ್ಪೈರಾಲಿಸ್ ಉಳಿಯಬೇಕು.

ನನ್ನಲ್ಲಿ ಕತ್ತರಿಸಿದ್ದೆಲ್ಲ ಬಸಳೆ ಚಪ್ಪರದ ಬುಡಕ್ಕೆ ಹೋಗುತ್ತದೆ. ನೀರು ಬದಲಿಸಿದಾಗ ತೆಗೆದ ಹತ್ತು ಲೀಟರೂ ಅಲ್ಲಿಗೇ. ಈಗ ಫರ್ನಿನ ಹಳೆ ಎಲೆಯೊಂದರ ತುದಿಯಲ್ಲಿ ನಾಲ್ಕು ಮರಿಗಳಿವೆ, ಬೇರು ಅರ್ಧ ಇಂಚು ಬಂದಿದೆ. ಪಕ್ಕದ ಮನೆಯ ಹುಡುಗಿ ಅವಕ್ಕೆಂದು ಮುರಕಲ್ಲಿನ ತುಂಡು ಉಜ್ಜಿ ಬಕೆಟ್‌ನಲ್ಲಿ ನೆನೆಹಾಕಿದ್ದಾಳೆ. ಇವತ್ತಿಗೆ ಎರಡು ದಿನ. ನೀರು ಇನ್ನೂ ಕೆಂಪಾಗಿಯೇ ಇದೆ.